ಚೆನ್ನೈಯ ಕನ್ನಡ ಮನೆಗಳ ಅತ್ತೆಯಂದಿರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸೋದರಿಯರೆ,

ಮೈಲಾಪುರದಲ್ಲಿಯೂ ತಿರುವಲ್ಲಿಕೇಣಿಯಲ್ಲಿಯೂ ಹೋಟೆಲಿನ ಉದ್ಯಮವನ್ನು ನೆಚ್ಚಿ ತಲೆಮಾರುಗಳಿಂದ ನೆಲೆಸಿರುವ ಉಡುಪಿಯ ಕಡೆಯ ಕುಟುಂಬಗಳ ಹಿರಿಯರೂ, ಅಂಬತ್ತೂರಿನ ಕಾರ್ಖಾನೆಗಳಿಗೆ ದುಡಿಯಲು ಬಂದ ಮಕ್ಕಳ ಬೆನ್ನಿಗೆ ಬಂದು ಇಲ್ಲಿಯವರೇ ಆಗಿಬಿಟ್ಟ ಹಾಸನ ಕೋಲಾರಗಳ ತಾಯಂದಿರೂ, ಶೋಲಿಂಗನಲ್ಲೂರಿನ ಎತ್ತರದ ಕಟ್ಟಡಗಳಲ್ಲಿ ಮಗನೂ ಸೊಸೆಯೂ ಕೆಲಸಕ್ಕೆ ಹೊರಟ ಮೇಲೆ ಮೊಮ್ಮಗುವಿನ ತೊಟ್ಟಿಲನ್ನು ತೂಗುತ್ತ ಹಗಲನ್ನು ಕಳೆಯುವವರೂ ಆದ ನಿಮ್ಮೆಲ್ಲರನ್ನೂ ಒಟ್ಟಾಗಿ ಸಂಬೋಧಿಸುವ ಅಧಿಕಾರವು ಈಕೆಗೆ ಎಲ್ಲಿಂದ ಬಂದಿತೆಂದು ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ ಸರಿ. ನಾನು ವೈದ್ಯಳಲ್ಲ, ಯಾವ ಸಂಘದ ಅಧ್ಯಕ್ಷಳೂ ಅಲ್ಲ. ತೀರ್ಥಹಳ್ಳಿಯ ಕಡೆಯಿಂದ ಮದುವೆಯಾಗಿ, ಆಗ ಮದರಾಸೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿಗೆ ಬಂದು, ತಮಿಳನ್ನು ತರಕಾರಿ ಮಾರುವವಳ ಬಾಯಿಂದ ಕಲಿತು, ಈಗ ಮುಪ್ಪಿನಲ್ಲಿ, ಇಲ್ಲಿಯ ಆಸ್ಪತ್ರೆಗಳಿಗೆ ಹೋಗುವ ಕನ್ನಡದ ಎಳೆಯ ತಾಯಂದಿರ ಮಗ್ಗುಲಲ್ಲಿ ಕುಳಿತು ಅವರ ಮಾತನ್ನು ಡಾಕ್ಟರಿಗೂ ಡಾಕ್ಟರ ಮಾತನ್ನು ಅವರಿಗೂ ಮುಟ್ಟಿಸುವ ಕೆಲಸವನ್ನು, ಯಾರೂ ವಹಿಸಿಕೊಡದಿದ್ದರೂ, ವಹಿಸಿಕೊಂಡವಳು. ಆ ಕುರ್ಚಿಯಲ್ಲಿ ಕುಳಿತು ಕೇಳಿದ ಸಂಗತಿಗಳೇ ನನ್ನಿಂದ ಈ ಪತ್ರವನ್ನು ಬರೆಯಿಸುತ್ತಿವೆ.

ಬಾಣಂತನವೆಂಬ ವಿದ್ಯೆಯಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರು ಅಪರೂಪವೆಂದು ನಾನು ಅಭಿಮಾನದಿಂದಲೇ ಹೇಳುತ್ತೇನೆ. ಹಂಡೆಯ ತುಂಬ ಕುದಿಯುವ ನೀರು, ಮೈಗೆ ಉಗುರುಬೆಚ್ಚಗಿನ ಎಣ್ಣೆ, ಕೂದಲಿಗೆ ಸಾಂಬ್ರಾಣಿಯ ಹೊಗೆ, ಕಿವಿಗೆ ಹತ್ತಿ, ತಲೆಗೆ ಕಟ್ಟಿದ ಬಟ್ಟೆ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಲೇಹ—ಇವೆಲ್ಲವನ್ನೂ ಈ ಊರಿನ ಎರಡು ಕೋಣೆಯ ಬಾಡಿಗೆ ಮನೆಗಳಲ್ಲಿ, ನೀರಿನ ಲಾರಿಗಾಗಿ ಕೊಡವಿಟ್ಟು ಕಾಯುವ ಬೀದಿಗಳಲ್ಲಿ, ನೀವು ನಡೆಯಿಸಿಕೊಂಡು ಬಂದಿರುವಿರಿ. ಆದರೆ ಆ ಬಾಣಂತಿಯು ಮೂರನೆಯದೋ ಐದನೆಯದೋ ತಿಂಗಳಲ್ಲಿ ತವರಿನಿಂದ ತೊಟ್ಟಿಲು, ಬೆಳ್ಳಿಯ ಬಟ್ಟಲು, ಹೊಸ ಸೀರೆಗಳೊಡನೆ ಗಂಡನ ಮನೆಗೆ ಮರಳುವಾಗ, ಅಂದಿನಿಂದ ಅವಳು ಮತ್ತೆ ಹೆಂಡತಿಯೂ ಹೌದೆಂಬುದನ್ನು ಬಲ್ಲ ನಾವು, ಆ ಒಂದು ವಿಚಾರದಲ್ಲಿ ಮಾತ್ರ ಅವಳಿಗೆ ಏನನ್ನೂ ಕಟ್ಟಿಕೊಡದೆ ಕಳುಹಿಸುತ್ತೇವೆ. ಕಳುಹಿಸುವ ತಾಯಿಯು ಅಳಿಯನ ಎದುರಿಗೆ ಬಾಯಿ ತೆರೆಯಲಾರಳು. ಬರಮಾಡಿಕೊಳ್ಳುವ ಅತ್ತೆಯು ಅದು ಗಂಡಹೆಂಡಿರ ಸಂಗತಿಯೆಂದು ಸುಮ್ಮನಾಗುವಳು. ಗಂಡಹೆಂಡಿರಾದರೋ ಹಿರಿಯರು ಮಾತನಾಡದ ವಿಷಯವನ್ನು ತಾವು ಮಾತನಾಡುವುದು ಹೇಗೆಂದು ಅರಿಯದೆ ಕತ್ತಲಿಗೆ ಒಪ್ಪಿಸಿಬಿಡುವರು.

ಕೆಲವು ತಿಂಗಳ ಹಿಂದೆ ನಾನು ಜೊತೆಗೆ ಹೋಗಿದ್ದ ಒಬ್ಬ ಹುಡುಗಿಯ ಸಂಗತಿಯನ್ನು, ಅವಳ ಊರುಕೇರಿಗಳನ್ನು ಬದಿಗಿಟ್ಟು, ಹೇಳುತ್ತೇನೆ. ಅವಳಿಗೆ ಇಪ್ಪತ್ತೊಂದು ವರ್ಷ. ಮಗುವಿಗೆ ಆರನೆಯ ವಾರದ ಚುಚ್ಚುಮದ್ದು ಹಾಕಿಸಲೆಂದು ಬಂದಿದ್ದಳು. ಡಾಕ್ಟರಮ್ಮನು ಮಗುವನ್ನು ನೋಡಿಯಾದ ಮೇಲೆ ತಮಿಳಿನಲ್ಲಿ ತಾಯಿಯ ಕ್ಷೇಮವನ್ನು ವಿಚಾರಿಸಿದರು; ನಾನು ಕನ್ನಡದಲ್ಲಿ ಕೇಳುವ ಮೊದಲೇ ಅವಳ ಅತ್ತೆಯು, ಒಳ್ಳೆಯ ಮನಸ್ಸಿನ ಹೆಂಗಸೇ, ‘ಅವಳಿಗೇನು, ಚೆನ್ನಾಗಿದಾಳೆ, ಹಾಲೂ ಚೆನ್ನಾಗಿದೆ’ ಎಂದು ತಾನೇ ಉತ್ತರವಿತ್ತಳು. ಆಕೆಯು ಮಾತ್ರೆಯ ಚೀಟಿಯನ್ನು ಹಿಡಿದು ಹೊರಗೆ ಹೋದದ್ದೇ ತಡ, ಹುಡುಗಿಯು ನನ್ನ ಸೆರಗನ್ನು ಜಗ್ಗಿ, ‘ಅಮ್ಮಾ, ಸೂಜಿ ಹಾಕಿಸ್ಕೊಂಡ್ರೆ ಹಾಲು ಬತ್ತೋಗುತ್ತಂತೆ, ನಿಜಾನಾ? ಇನ್ನೊಂದು ಕೇಳಿ… ಹೊಲಿಗೆ ಹಾಕಿದ್ ಜಾಗ ಇನ್ನೂ ನೋಯುತ್ತೆ. ಊರಿಗೆ ಹೋಗಿ ಬಂದ್ಮೇಲೆ ಅವ್ರಿಗೆ ಏನಂತ ಹೇಳ್ಲಿ?’ ಎಂದು ಒಂದೇ ಉಸಿರಿಗೆ ಕೇಳಿದಳು. ಎರಡೂ ಪ್ರಶ್ನೆಗಳಿಗೆ ಡಾಕ್ಟರಮ್ಮನ ಬಳಿ ಸರಳವಾದ ಉತ್ತರಗಳಿದ್ದವು. ಸರಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಎಂಬ ಹೆಸರಿನಿಂದ ಬಿಟ್ಟಿಯಾಗಿ ಹಾಕುವ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳತಕ್ಕ ಆ ಗರ್ಭನಿರೋಧದ ಸೂಜಿಯನ್ನು ಹಾಲುಣಿಸುವ ತಾಯಿಯು ಹೆರಿಗೆಯಾಗಿ ಆರು ವಾರಗಳಾದ ಮೇಲೆ ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು, ಹಾಲು ಬತ್ತುವುದಿಲ್ಲ; ಮುಟ್ಟು ಮಾತ್ರ ಏರುಪೇರಾಗಬಹುದು, ಬಿಟ್ಟ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಹೊಲಿಗೆಯ ನೋವಿಗೆ ಚಿಕಿತ್ಸೆಯಿದೆ. ಅದು ಮಾಯುವವರೆಗೆ ಗಂಡನು ಕಾಯತಕ್ಕದ್ದು. ಈ ಎರಡು ಉತ್ತರಗಳನ್ನು ಪಡೆಯುವುದಕ್ಕಾಗಿ ಆ ಹುಡುಗಿಯು ಅತ್ತೆಯು ಔಷಧದ ಅಂಗಡಿಯ ಸರದಿಯಲ್ಲಿ ನಿಲ್ಲುವವರೆಗೆ ಕಾಯಬೇಕಾಯಿತಲ್ಲ ಎಂಬುದೇ, ಸೋದರಿಯರೆ, ನಾನು ನಿಮ್ಮ ಮುಂದಿಡಬೇಕೆಂದಿರುವ ಸಂಗತಿಯ ತಿರುಳು.

ಎಳೆಯ ತಾಯಿಯ ಆರೋಗ್ಯವನ್ನೂ ಮುಂದಿನ ಗರ್ಭವನ್ನೂ ನಿರ್ಣಯಿಸುವ ಕಾರಣಗಳು ಯಾವುವೆಂದು ಪಂಡಿತರು ಪಟ್ಟಿ ಮಾಡುವಾಗ ವಿದ್ಯೆ, ವಯಸ್ಸು, ಹಣ, ಆಸ್ಪತ್ರೆಯ ದೂರ ಇವುಗಳನ್ನು ಹೇಳುತ್ತಾರೆ, ಅವೆಲ್ಲ ನಿಜವೇ. ಆದರೆ ಹೆಚ್ಚುಕಡಿಮೆ ಪ್ರತಿಯೊಂದು ಹೆರಿಗೆಯೂ ಆಸ್ಪತ್ರೆಯಲ್ಲಿಯೇ ಆಗುವ ಈ ರಾಜ್ಯದಲ್ಲಿ, ಎಗ್ಮೋರಿನ ಹಳೆಯ ಹೆರಿಗೆ ಆಸ್ಪತ್ರೆಯಾಗಲಿ, ತಿರುವಲ್ಲಿಕೇಣಿಯಲ್ಲಿ ಜನರು ಇಂದಿಗೂ ಗೋಷಾ ಆಸ್ಪತ್ರೆಯೆನ್ನುವ ಕಸ್ತೂರಬಾ ಗಾಂಧಿ ಆಸ್ಪತ್ರೆಯಾಗಲಿ, ಕಾರ್ಪೊರೇಷನ್ನಿನ ಸಣ್ಣ ಆರೋಗ್ಯಕೇಂದ್ರವಾಗಲಿ ಒಂದು ಆಟೋ ಸವಾರಿಯಷ್ಟು ಸಮೀಪದಲ್ಲಿರುವ ಈ ನಗರದಲ್ಲಿ, ನಮ್ಮ ಹುಡುಗಿಯರಿಗೂ ಆ ಸಾಧನಗಳಿಗೂ ನಡುವೆ ಇರುವ ದೂರವು ಮೈಲಿಗಳದ್ದಲ್ಲ. ಶಿವಮೊಗ್ಗೆಯಿಂದಲೋ ಚಿಂತಾಮಣಿಯಿಂದಲೋ ಬಂದ ಸೊಸೆಗೆ ತಮಿಳು ಬಾರದು. ನರ್ಸಮ್ಮನು ಕೊಡುವ ತಿಳುವಳಿಕೆಯ ಹಾಳೆಯನ್ನು ಅವಳು ಓದಲಾರಳು. ಅವಳ ಪರವಾಗಿ ಮಾತನಾಡುವವರು ಗಂಡ ಅಥವಾ ಅತ್ತೆ. ಗಂಡನ ಬಾಯಿಯ ಮೂಲಕ ಗಂಡನ ವಿಚಾರವನ್ನು, ಅತ್ತೆಯ ಬಾಯಿಯ ಮೂಲಕ ಅತ್ತೆಗೆ ತಿಳಿಯಬಾರದೆಂದುಕೊಂಡದ್ದನ್ನು ಯಾವ ಹೆಣ್ಣುಮಗಳು ತಾನೆ ಹೇಳಿಯಾಳು? ಕಂಪ್ಯೂಟರಿನ ಕಂಪೆನಿಯಲ್ಲಿ ದುಡಿದು ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತನಾಡುವ ಸೊಸೆಯಂದಿರೂ ಈ ಒಂದು ಬಾಗಿಲಿನ ಮುಂದೆ ಮೂಕರಾಗುವುದನ್ನು ನಾನು ಕಂಡಿದ್ದೇನೆಂದ ಮೇಲೆ, ಇದು ಕೇವಲ ಭಾಷೆಯ ತೊಡಕೆಂದೂ ಹೇಳಲಾರೆ.

ಹಾಲುಣಿಸುತ್ತಿರುವವರೆಗೆ ಗರ್ಭ ನಿಲ್ಲದೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿದೆ. ಅದರಲ್ಲಿ ಸತ್ಯಾಂಶವೂ ಇದೆ. ಹೆರಿಗೆಯಾಗಿ ಆರು ತಿಂಗಳು ತುಂಬಿರಬಾರದು, ಅಷ್ಟು ಕಾಲವೂ ಮುಟ್ಟು ಮರಳಿರಬಾರದು, ಮಗುವಿಗೆ ಹಗಲೂ ಇರುಳೂ ಎದೆಹಾಲಲ್ಲದೆ ಬೇರೇನನ್ನೂ ಕೊಡುತ್ತಿರಬಾರದು—ಈ ಮೂರೂ ಕೂಡಿದ್ದರೆ ಮಾತ್ರ ಆ ರಕ್ಷೆಯು ನೆಚ್ಚತಕ್ಕದ್ದು. ಮೂರನೆಯ ತಿಂಗಳಿಗೆ ಡಬ್ಬಿಯ ಹಾಲನ್ನೋ ರಾಗಿಯ ಸರಿಯನ್ನೋ ಆರಂಭಿಸಿದೊಡನೆ, ಅಥವಾ ತಾಯಿಯು ಕೆಲಸಕ್ಕೆ ಮರಳಿ ಹಾಲುಣಿಸುವುದು ಕಡಿಮೆಯಾದೊಡನೆ, ಅದು ಕುಸಿಯುತ್ತದೆ. ಮುಟ್ಟು ಬಂದ ಮೇಲೆ ನೋಡೋಣವೆಂದು ಕುಳಿತರೆ, ಅಂಡವು ಹೊರಡುವುದು ಆ ಮುಟ್ಟಿಗೆ ಮುಂಚೆಯಾದುದರಿಂದ, ಮುಟ್ಟನ್ನೇ ಕಾಣದೆ ಮತ್ತೆ ಬಸಿರಾಗುವವರುಂಟು. ಒಂದು ಹೆರಿಗೆಯಾದ ಬಳಿಕ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳಾದರೂ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆಯಿತ್ತಿರುವುದು ನಮ್ಮ ಊರಿಗೆ ಇನ್ನಷ್ಟು ಅನ್ವಯಿಸುತ್ತದೆ. ಏಕೆಂದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು 45 ಹೆರಿಗೆಗಳು ಹೊಟ್ಟೆ ಕೊಯ್ದು ಆದವು, ಮತ್ತು ಆ ಗಾಯವು ಗರ್ಭಕೋಶದಲ್ಲಿ ಗಟ್ಟಿಯಾಗಿ ಕೂಡಿಕೊಳ್ಳುವ ಮೊದಲೇ ಇನ್ನೊಂದು ಗರ್ಭವು ತುಂಬಿದರೆ ಹೆರಿಗೆಯ ನೋವಿನ ಹೊತ್ತಿಗೆ ಅದು ಬಿರಿಯುವ ಅಪಾಯವು ಹೆಚ್ಚುತ್ತದೆ. ರಕ್ತಹೀನತೆಯ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಅದು ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಇದೆ.

ಇದೆಲ್ಲ ಈಚಿನವರ ನಾಚಿಕೆಗೆಟ್ಟ ಮಾತೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಹಾಗೆ ತೋರಿದರೆ ನಮ್ಮ ಹಿರಿಯರ ನಾಚಿಕೆಯು ನಮ್ಮದಕ್ಕಿಂತ ಕಡಿಮೆಯಾಗಿತ್ತೆಂದು ನಾನು ಜ್ಞಾಪಿಸಬೇಕಾಗುತ್ತದೆ. ಇದೇ ಮದರಾಸಿನಲ್ಲಿ 1928ರಲ್ಲಿ ಗಣ್ಯರು ಕೂಡಿ ನಿಯೋ ಮಾಲ್ತೂಸಿಯನ್ ಲೀಗ್ ಎಂಬ ಸಂಘವನ್ನು ಕಟ್ಟಿ ಸಂತಾನನಿಯಂತ್ರಣವನ್ನು ಕುರಿತು ಪತ್ರಿಕೆಯನ್ನೇ ಹೊರಡಿಸಿದ್ದರು. 1930ರಲ್ಲಿ, ಬ್ರಿಟಿಷ್ ಇಂಡಿಯಾದ ಸರಕಾರವು ಈ ವಿಷಯದಲ್ಲಿ ಕೈ ಕಟ್ಟಿ ಕುಳಿತಿದ್ದಾಗ, ನಮ್ಮ ಮೈಸೂರು ಸಂಸ್ಥಾನವು ಸರಕಾರಿ ಆಸ್ಪತ್ರೆಗಳಲ್ಲಿಯೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಲೋಕದಲ್ಲಿಯೇ ಅದು ಮೊದಲೆಂದು ಹೇಳುವುದುಂಟು. ಅದೇ ಕಾಲದಲ್ಲಿ, ಮನೆಮಾತು ಕನ್ನಡವಾಗಿದ್ದ ಈರೋಡಿನ ಪೆರಿಯಾರ್ ರಾಮಸ್ವಾಮಿಯವರು ತಮ್ಮ ‘ಕುಡಿ ಅರಸು’ ಪತ್ರಿಕೆಯಲ್ಲಿ, ಇತರರು ದೇಶದ ಬಡತನಕ್ಕಾಗಿಯೋ ತಾಯಿಯ ದೇಹಸ್ಥಿತಿಗಾಗಿಯೋ ಗರ್ಭನಿರೋಧವನ್ನು ಬಯಸಿದರೆ ತಾವು ಅದನ್ನು ಹೆಣ್ಣಿನ ಸ್ವಾತಂತ್ರ್ಯಕ್ಕಾಗಿ ಬಯಸುವುದಾಗಿ ವಾದಿಸಿದರು. ಅವರ ಉಳಿದ ಮತಗಳನ್ನು ನೀವು ಒಪ್ಪದಿರಬಹುದು (ನಾನೂ ದೇವರ ಕೋಣೆಯಲ್ಲಿ ದೀಪ ಹಚ್ಚುವವಳೇ); ಆದರೆ ಆ ಮಾತಿನಲ್ಲಿ ಅವರು ಉಳಿದ ಸುಧಾರಕರಿಗಿಂತ ಆಳಕ್ಕೆ ಹೋದರೆಂಬುದನ್ನು ನಾನು ಅಲ್ಲಗಳೆಯಲಾರೆ. ನಮ್ಮ ಭಾಷೆಯಲ್ಲಿಯೇ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಮೊದಲಾದ ಪುಸ್ತಕಗಳನ್ನು ಬರೆದು ಎಷ್ಟು ವರ್ಷಗಳಾದವು! ನಮ್ಮಲ್ಲಿ ಅನೇಕರು ಅವನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ಓದಿದವರೇ ಅಲ್ಲವೆ? ನಮ್ಮ ಸೊಸೆಯಂದಿರಿಗೆ ಅವನ್ನು ಮೇಜಿನ ಮೇಲಿಟ್ಟು ಓದುವ ಅನುಕೂಲವನ್ನಾದರೂ ಮಾಡಿಕೊಡಬೇಡವೆ?

ಇನ್ನು, ನೀವು ಕುಟುಂಬಯೋಜನೆಯೆಂದರೆ ‘ಆಪರೇಷನ್’ ಎಂದೇ ತಿಳಿಯುವುದರ ವಿಚಾರ. ಇದು ನಿಮ್ಮ ತಪ್ಪಲ್ಲ. ಸರಕಾರವೇ ಐವತ್ತು ವರ್ಷ ಹಾಗೆ ಕಲಿಸಿತು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ತಮಿಳುನಾಡಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 58 ಮಂದಿ, ಕರ್ನಾಟಕದಲ್ಲಿ ಸುಮಾರು 57 ಮಂದಿ ಆ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡವರು. ಗಂಡಸರ ಶಸ್ತ್ರಕ್ರಿಯೆಯ ಲೆಕ್ಕವು ಎರಡು ರಾಜ್ಯಗಳಲ್ಲಿಯೂ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ವಿಚಿತ್ರವೆಂದರೆ, 1950ರ ದಶಕದ ಉತ್ತರಾರ್ಧದಲ್ಲಿ ಮದರಾಸು ರಾಜ್ಯವು ಶಸ್ತ್ರಕ್ರಿಯೆಗೆ ಒಪ್ಪಿದವರಿಗೆ ಹಣ ಕೊಡುವ ಪದ್ಧತಿಯನ್ನು ಆರಂಭಿಸಿದ ಮೇಲೆ ಮುಂದೆ ಬಂದವರಲ್ಲಿ ಗಂಡಸರೂ ಬಹಳ ಮಂದಿಯಿದ್ದರು. 1975–77ರ ತುರ್ತುಪರಿಸ್ಥಿತಿಯ ಬಲಾತ್ಕಾರದ ಶಸ್ತ್ರಕ್ರಿಯೆಯು ‘ಆಪರೇಷನ್’ ಎಂಬ ಮಾತನ್ನೇ ಗಂಡಸರ ಪಾಲಿಗೆ ಬೈಗುಳವಾಗಿ ಮಾಡಿತು. ಅಂದಿನಿಂದ ಹೊರೆಯೆಲ್ಲವೂ ಹೆಂಗಸಿನ ಹೊಟ್ಟೆಯ ಮೇಲೆ ಬಿದ್ದಿತು. ಪರಿಣಾಮವಾಗಿ, ಒಬ್ಬ ಹುಡುಗಿಯು ಹತ್ತೊಂಬತ್ತಕ್ಕೆ ಮದುವೆಯಾಗಿ, ಇಪ್ಪತ್ತಕ್ಕೊಂದು ಇಪ್ಪತ್ತೆರಡಕ್ಕೊಂದು ಹೆತ್ತು, ಎರಡನೆಯ ಹೆರಿಗೆಯ ಮಂಚದಿಂದಿಳಿಯುವ ಮೊದಲೇ ಶಸ್ತ್ರಕ್ರಿಯೆಯನ್ನೂ ಮುಗಿಸಿಕೊಂಡು ಬರುವುದು ನಮಗೆ ಸಹಜವಾಗಿ ಕಾಣುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅವಳಿಗೆ ಬಿಡುವು ಕೊಡುವ ಉಪಾಯಗಳು ಹಲವಾರು ಇದ್ದವೆಂಬುದನ್ನು ಯಾರೂ ಅವಳಿಗೆ ಹೇಳಿರುವುದಿಲ್ಲ.

ಆ ಉಪಾಯಗಳು ಗುಟ್ಟಿನವಲ್ಲ. ನಮ್ಮ ಕಾಲದವರು ‘ವಂಕಿ’ಯೆಂದು ಕರೆಯುತ್ತಿದ್ದುದರ ಇಂದಿನ ರೂಪವಾದ ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಗಳೊಳಗೆ ಅಥವಾ ಆರು ವಾರಗಳ ಅನಂತರ ಹಾಕಬಹುದು, ಬಗೆಯನ್ನನುಸರಿಸಿ ಐದು ವರ್ಷವೋ ಹತ್ತು ವರ್ಷವೋ ಅದು ಕೆಲಸ ಮಾಡುತ್ತದೆ, ಬೇಡವೆಂದ ದಿನ ತೆಗೆಯಿಸಿಕೊಳ್ಳಬಹುದು. ಅದು ಹೊಟ್ಟೆಯೊಳಗೆ ಮೇಲಕ್ಕೇರಿ ಎದೆಯನ್ನು ಸೇರುತ್ತದೆಂಬ ಮಾತು ಕಟ್ಟುಕತೆ. ಮೊದಲ ತಿಂಗಳುಗಳಲ್ಲಿ ಮುಟ್ಟಿನ ಸ್ರಾವವೂ ನೋವೂ ಹೆಚ್ಚಬಹುದೆಂಬುದು ಮಾತ್ರ ನಿಜ, ಅದನ್ನು ಮರೆಮಾಚಬಾರದು. ಲಖನೌದ ಸರಕಾರಿ ಪ್ರಯೋಗಾಲಯದಲ್ಲಿ ನಮ್ಮವರೇ ಕಂಡುಹಿಡಿದ, ಈಗ ‘ಛಾಯಾ’ ಎಂಬ ಹೆಸರಿನಲ್ಲಿ ಕೊಡುವ ಮಾತ್ರೆಯು ಹಾರ್ಮೋನಿನದಲ್ಲವಾದುದರಿಂದ ಹಾಲುಣಿಸುವವರಿಗೂ ಸಲ್ಲುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಅನಂತರ ವಾರಕ್ಕೊಂದು. ದಿನಕ್ಕೊಂದರಂತೆ ನುಂಗುವ ಹಳೆಯ ಮಾಲಾ ಮಾತ್ರೆಗಳನ್ನು ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ಕೊಡಬಾರದು. ಇವುಗಳಲ್ಲಿ ಯಾವುದು ಯಾರಿಗೆ ತಕ್ಕುದೆಂಬುದನ್ನು ಡಾಕ್ಟರು ಹೇಳಬೇಕು, ಬೇಕೇ ಬೇಡವೇ ಎಂಬುದನ್ನು ಅವಳು ಹೇಳಬೇಕು. ಪಕ್ಕದ ಮನೆಯವರ ಅನುಭವವು ಈ ಎರಡು ಸ್ಥಾನಗಳಲ್ಲಿ ಯಾವುದಕ್ಕೂ ಅರ್ಹವಲ್ಲ.

ಅವಳು ಹೇಳಬೇಕೆಂಬ ಮಾತನ್ನು ನಾನು ಮನೆಯವರಿಗಷ್ಟೇ ಹೇಳುತ್ತಿಲ್ಲ. ನಾನು ಬಲ್ಲ ಒಬ್ಬ ತಾಯಿಗೆ ಹೆರಿಗೆಯ ಹೊತ್ತಿನಲ್ಲಿಯೇ ಕಾಪರ್-ಟಿಯನ್ನು ಹಾಕಿ, ಮನೆಗೆ ಕಳುಹಿಸುವ ದಿನ ಆ ಸಂಗತಿಯನ್ನು ತಮಿಳಿನಲ್ಲಿ ಒಂದು ವಾಕ್ಯವಾಗಿ ಹೇಳಿ ಮುಗಿಸಿದ್ದರು. ಅವಳಿಗೆ ಅದು ಅರ್ಥವಾಗಿರಲಿಲ್ಲ. ತಿಂಗಳುಗಟ್ಟಲೆ ಸ್ರಾವವಾದಾಗ ಕಾರಣವೇನೆಂದು ತಿಳಿಯದೆ ಅವಳು ಹರಕೆ ಹೊತ್ತಳು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಒಳ್ಳೆಯ ಸಾಧನವೇ ಆದರೂ ಕೇಳದೆ ಹಾಕಿದಾಗ ಅದು ಆ ಹುಡುಗಿಗೆ ಮಾತ್ರವಲ್ಲ, ಅವಳಿಂದ ಕೇಳಿಸಿಕೊಂಡ ಇಡೀ ಬೀದಿಗೆ ಭಯವನ್ನು ಹಂಚುತ್ತದೆ. ಇದನ್ನು ನೀವು ಆಸ್ಪತ್ರೆಯವರಿಗೆ ಧೈರ್ಯವಾಗಿ ಹೇಳಬೇಕು. ಕೇಳದೆ ಕೊಡುವುದು ಒಂದು ತಪ್ಪಾದರೆ, ಕೇಳಿದರೂ ಕೊಡದಿರುವುದು ಇನ್ನೊಂದು. ತುರ್ತು ಗರ್ಭನಿರೋಧದ ಮಾತ್ರೆಯನ್ನು ಚೀಟಿಯಿಲ್ಲದೆಯೇ ಮಾರಬಹುದೆಂದು ಕೇಂದ್ರ ಸರಕಾರವು 2005ರಲ್ಲಿಯೇ ಅನುಮತಿ ಕೊಟ್ಟಿದ್ದರೂ, ಚೆನ್ನೈಯ ಬಹುತೇಕ ಔಷಧದ ಅಂಗಡಿಗಳಲ್ಲಿ ಅದು ಇಲ್ಲವೆಂಬ ಉತ್ತರವೇ ದೊರೆಯುವುದು ಬಹುಕಾಲದಿಂದ ಪತ್ರಿಕೆಗಳಲ್ಲಿ ಬರುತ್ತಿರುವ ಸುದ್ದಿ. ಹೀಗಾಗಿ ಕೆಲವರು ತಿಂಗಳು ತಪ್ಪಿದ ಮೇಲೆ ಗರ್ಭಪಾತದ ಮಾತ್ರೆಯನ್ನು ಯಾರಿಂದಲೋ ತರಿಸಿ ನುಂಗಿ, ರಕ್ತ ನಿಲ್ಲದೆ ಆಸ್ಪತ್ರೆಗೆ ಓಡುತ್ತಾರೆ. ಕಾನೂನಿನಂತೆ ಪ್ರಾಪ್ತವಯಸ್ಕಳಾದ ಸ್ತ್ರೀಯ ಗರ್ಭವನ್ನು ವೈದ್ಯರು ತೆಗೆಯಲು ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಾಗಿಲ್ಲ. ಇದನ್ನು ತಿಳಿದವರು ಕಡಿಮೆ.

ನಿಮ್ಮ ಗಂಡುಮಕ್ಕಳ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಅವರ ಕಿವಿಯನ್ನು ಹಿಂಡುವ ಸಲುಗೆ ನಿಮಗಲ್ಲದೆ ಇನ್ನಾರಿಗೂ ಇಲ್ಲ. ಹೆರಿಗೆಯ ಗಾಯ ಮಾಯ್ದೊಡನೆಯೇ ಬಳಸಬಹುದಾದ, ತಾಯಿಗೆ ಸಾಮಾನ್ಯವಾಗಿ ಹಾನಿ ಮಾಡದ, ಹಾಲಿಗೂ ಮುಟ್ಟಿಗೂ ಸಂಬಂಧಿಸದ ಸಾಧನವೆಂದರೆ ನಿರೋಧ್. ಇಲ್ಲಿ ಹೇಳಿದ ಸಾಧನಗಳಲ್ಲಿ ಗರ್ಭವನ್ನಷ್ಟೇ ಅಲ್ಲದೆ ಸಂಭೋಗದಿಂದ ಅಂಟುವ ರೋಗವನ್ನೂ ತಡೆಯುವುದು ಅದೊಂದೇ. 1986ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಈ ದೇಶದಲ್ಲಿ ಎಚ್‌ಐವಿಯನ್ನು ಮೊದಲು ಗುರುತಿಸಿದ್ದು ಇದೇ ನಗರದವರಲ್ಲಿ; ಮುಂದೆ ಅವರ ಬಳಿಗೆ ಚಿಕಿತ್ಸೆಗೆ ಬಂದ ಹೆಂಗಸರಲ್ಲಿ ಬಹಳ ಮಂದಿ ಗಂಡನನ್ನಲ್ಲದೆ ಬೇರೊಬ್ಬನನ್ನು ಅರಿಯದ ಗೃಹಿಣಿಯರಾಗಿದ್ದರು. ಇನ್ನು ಮಕ್ಕಳು ಸಾಕೆಂದು ದಂಪತಿಗಳು ನಿಶ್ಚಯಿಸಿದ ಮೇಲೆ, ಗಂಡಸಿನ ಶಸ್ತ್ರಕ್ರಿಯೆಯು ಹೆಂಗಸಿನದಕ್ಕಿಂತ ಎಷ್ಟೋ ಚಿಕ್ಕದು. ಹೊಟ್ಟೆಯನ್ನು ತೆರೆಯಬೇಕಾಗಿಲ್ಲ, ಪೌರುಷಕ್ಕೂ ದುಡಿಯುವ ಶಕ್ತಿಗೂ ಕುಂದಿಲ್ಲ. ಮೂರು ತಿಂಗಳವರೆಗೆ ಬೇರೆ ರಕ್ಷಣೆಯನ್ನು ಬಳಸಿ, ವೀರ್ಯವನ್ನು ಪರೀಕ್ಷಿಸಿಕೊಂಡರೆ ಆಯಿತು. ‘ನನ್ನ ಮಗನಿಗೆ ಕತ್ತರಿ ಮುಟ್ಟಿಸಬೇಡಿ, ಬೇಕಿದ್ದರೆ ಅವಳಿಗೆ ಮಾಡಿ’ ಎಂದು ನಮ್ಮವಳೇ ಒಬ್ಬಳು ಆಸ್ಪತ್ರೆಯ ಪಡಸಾಲೆಯಲ್ಲಿ ಹೇಳಿದ್ದನ್ನು ಕೇಳಿ ನಾನು ನಾಚಿದ್ದೇನೆ. ಆ ‘ಅವಳು’ ಎರಡು ಸಲ ಹೊಟ್ಟೆ ಕೊಯ್ಯಿಸಿಕೊಂಡವಳಾಗಿದ್ದಳು.

ಹದಿನೆಂಟು ತುಂಬದ ತಾಯಂದಿರ ವಿಚಾರವನ್ನು ಬರೆಯಲು ನನ್ನ ಕೈ ಹಿಂಜರಿಯುತ್ತದೆ. ಆದರೂ ನಮ್ಮ ನಡುವೆ ಅವರು ಇಲ್ಲವೆನ್ನುವುದು ಸುಳ್ಳು. ಜಾತ್ರೆಯ ಮರುವಾರ ಊರಿನಲ್ಲಿ ಮದುವೆ ಮಾಡಿ, ವಯಸ್ಸನ್ನು ಒಂದೆರಡು ವರ್ಷ ಏರಿಸಿ ಹೇಳಿ, ಇಲ್ಲಿಗೆ ತಂದ ಹುಡುಗಿಯರನ್ನು ನಾನು ಕಂಡಿದ್ದೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯಿದೆಯಂತೆ ಆಸ್ಪತ್ರೆಯವರು ಅಂಥ ಬಸಿರನ್ನು ಪೋಲೀಸರಿಗೆ ತಿಳಿಸಲೇಬೇಕಾದುದರಿಂದ, ಭಯಪಟ್ಟ ಮನೆಯವರು ಅವಳನ್ನು ಆಸ್ಪತ್ರೆಯಿಂದಲೇ ದೂರವಿಡುತ್ತಾರೆ. ಯಾರಿಗೆ ಎಲ್ಲರಿಗಿಂತ ಹೆಚ್ಚಿನ ಆರೈಕೆ ಬೇಕೋ ಅವಳಿಗೆ ಎಲ್ಲರಿಗಿಂತ ಕಡಿಮೆ ದೊರೆಯುತ್ತದೆ. ಗರ್ಭ ತೆಗೆಯಿಸಲು ಬಂದ ಅಪ್ರಾಪ್ತ ಹುಡುಗಿಯೂ ಅವಳ ಪೋಷಕರೂ ಕೋರಿದಲ್ಲಿ ವೈದ್ಯರು ವರದಿಯಲ್ಲಿ ಅವಳ ಹೆಸರನ್ನು ಬಹಿರಂಗಪಡಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆದರೆ ಅದಕ್ಕೆ ಮುನ್ನ ಮಾಡತಕ್ಕ ಕೆಲಸವೊಂದಿದೆ: ಅಂಥ ಹುಡುಗಿಯನ್ನು ಸೊಸೆಯಾಗಿ ತರಲು ನೀವು ಒಪ್ಪದಿರುವುದು.

ನನ್ನ ವಿಜ್ಞಾಪನೆಗಳು ದೊಡ್ಡವಲ್ಲ. ಸೀಮಂತದ ಮುಹೂರ್ತವನ್ನು ಇಡುವಾಗಲೇ, ಹೆರಿಗೆಯ ಅನಂತರದ ಉಪಾಯವನ್ನು ಕುರಿತು ಗಂಡಹೆಂಡಿರಿಬ್ಬರೂ ಡಾಕ್ಟರೊಡನೆ ಮಾತನಾಡಿ ಬರುವಂತೆ ಹೇಳಿರಿ. ನೋವು ತಿನ್ನುತ್ತಿರುವ ಹೊತ್ತಿನಲ್ಲಿ ಪಡೆದ ಒಪ್ಪಿಗೆಯು ಒಪ್ಪಿಗೆಯಲ್ಲ. ಡಾಕ್ಟರ ಕೋಣೆಯೊಳಗೆ ಸೊಸೆಯು ಹೋದಾಗ ನೀವು ಮಗುವನ್ನೆತ್ತಿಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತುಕೊಳ್ಳಿರಿ. ಮಗುವಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಚುಚ್ಚುಮದ್ದು ಹಾಕಿಸಲು ಹೇಗೂ ಹೋಗುವಿರಿ. ಆ ದಿನ ತಾಯಿಯನ್ನೂ ಪರೀಕ್ಷಿಸಬೇಕೆಂದು ಕೇಳಿರಿ. ತವರಿನಲ್ಲಿರುವ ಬೀಗಿತ್ತಿಗೆ ದೂರವಾಣಿಯಲ್ಲಿ ತೊಟ್ಟಿಲಿನ ಲೆಕ್ಕವನ್ನು ಕೇಳುವುದರ ಜೊತೆಗೆ ಮಗಳ ಪರೀಕ್ಷೆಯಾಯಿತೇ ಎಂಬುದನ್ನೂ ಕೇಳಿರಿ. ಮೊದಲನೆಯದು ಹೆಣ್ಣಾಗಿದ್ದರೆ ‘ಇನ್ನೊಂದು ಯಾವಾಗ’ ಎಂಬ ಪ್ರಶ್ನೆಯನ್ನು ನೀವೂ ಕೇಳಬೇಡಿ, ಕೇಳುವ ನೆಂಟರ ಬಾಯನ್ನೂ ಮುಚ್ಚಿಸಿರಿ. ಆ ಒಂದು ಪ್ರಶ್ನೆಯು ಕಿತ್ತೆಸೆಯಿಸಿದಷ್ಟು ಕಾಪರ್-ಟಿಗಳನ್ನು ಯಾವ ಕಾಯಿಲೆಯೂ ಕೀಳಿಸಿರಲಾರದು.

ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಹಣದಲ್ಲಿ ಸ್ವಲ್ಪವನ್ನು ಉಳಿಸಿ, ಈ ನಗರದಲ್ಲಿಯೇ ಇರುವ ಕನ್ನಡ ಬಲ್ಲ ಲೇಡಿ ಡಾಕ್ಟರೊಬ್ಬರನ್ನು ಮಧ್ಯಾಹ್ನದ ಹೊತ್ತಿನಲ್ಲಿ ಕರೆಸಿ, ಗಂಡಸರಿಲ್ಲದ ಒಂದು ಸಭೆಯನ್ನೂ ಗಂಡಸರಿಗಾಗಿಯೇ ಇನ್ನೊಂದು ಸಭೆಯನ್ನೂ ಏರ್ಪಡಿಸುವಂತೆ ನೀವು ಒತ್ತಾಯಿಸಿದರೆ ಕಾರ್ಯದರ್ಶಿಗಳು ಇಲ್ಲವೆನ್ನಲಾರರು. ಆಸ್ಪತ್ರೆಯ ತಿಳುವಳಿಕೆಯ ಹಾಳೆಯನ್ನು ಕನ್ನಡಕ್ಕೆ ತಿರುಗಿಸಿ ಅಚ್ಚು ಹಾಕಿಸುವ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಸೊಸೆಗೆ ತಮಿಳು ಬಾರದೆ, ನಿಮ್ಮೆದುರಿಗೆ ಮಾತನಾಡಲು ಅವಳು ಸಂಕೋಚಪಡುವಳೆಂದು ನಿಮಗೆ ತೋರಿದರೆ, ಈ ಪತ್ರಿಕೆಯ ಸಂಪಾದಕರ ಮೂಲಕ ಒಂದು ಮಾತು ತಿಳಿಸಿರಿ. ಮಂಗಳವಾರ ಶುಕ್ರವಾರಗಳ ಬೆಳಗ್ಗೆ ನಾನು ಬಿಡುವಾಗಿರುತ್ತೇನೆ, ಮತ್ತು ಕೋಣೆಯೊಳಗೆ ಕೇಳಿದ್ದನ್ನು ಹೊರಗೆ ಹೇಳುವ ಅಭ್ಯಾಸ ನನಗಿಲ್ಲ.

ಇತಿ ನಿಮ್ಮ ವಿಶ್ವಾಸಿ,
ನಿಮ್ಮಂತೆಯೇ ಒಬ್ಬ ಅತ್ತೆ
ಮೈಲಾಪುರ, ಚೆನ್ನೈ